ಒಡೆದ ಟೈಲ್ಸ್ ಎಲ್ಲಿಗೆ ಹೋಗುತ್ತೆ?

ಪ್ರಶ್ನೆ: ಮುಂಬೈಯ ಮುಲುಂಡಿನಲ್ಲಿ ನಮ್ಮದು ಮೂವತ್ತು ವರ್ಷ ಹಳೆಯ ಫ್ಲ್ಯಾಟ್. ಹಾಲ್‌ನ ನೆಲ, ಬಾತ್‌ರೂಮ್ ಎರಡನ್ನೂ ಹೊಸದು ಮಾಡಿಸಬೇಕು. ಒಡೆದದ್ದನ್ನು ಏನು ಮಾಡ್ತೀರಿ ಅಂದರೆ ಕಂಟ್ರಾಕ್ಟರ್ "ಅದನ್ನ ನನಗೆ ಬಿಡಿ" ಅನ್ನುತ್ತಾರೆ. ಬಿಡಬಹುದೇ?

ಉತ್ತರ: ಬಿಡಬೇಡಿ. ಹಾಗೆ ಬಿಟ್ಟ ಗೋಣಿಚೀಲಗಳು ಎಷ್ಟೋ ಸಲ ರಾತ್ರಿ ಟೆಂಪೊ ಹತ್ತಿ ಖಾಡಿಯ (ಸಮುದ್ರದ ಹಿನ್ನೀರಿನ) ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಬೀಳುತ್ತವೆ. ಕಾಂಡ್ಲಾ ಪ್ರದೇಶದಲ್ಲಿ ಇಂಥದ್ದನ್ನು ಸುರಿಯಕೂಡದೆಂದು ಬಾಂಬೆ ಹೈಕೋರ್ಟ್ 2018ರಲ್ಲೇ ಹೇಳಿದೆ.

ಅದಕ್ಕೂ ಮೊದಲು ಒಂದು ಮಾತು: ನೆಲ ಒಡೆಯಲೇಬೇಕೇ? 100 ಚದರಡಿ ಟೈಲ್ಸನ್ನು ಎರಡಿಂಚಿನ ಗಾರೆ ಸಮೇತ ಕಿತ್ತರೆ ಹೆಚ್ಚುಕಡಿಮೆ ಒಂದು ಟನ್ ರಾಬಿಟ್ (ಒಡೆದ ಅವಶೇಷ)! ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬರದಿದ್ದರೆ, ಬಾಗಿಲ ಕೆಳಗೆ ಸಂದಿಯಿದ್ದರೆ, ಹಳೆಯ ಟೈಲ್ಸ್ ಮೇಲೆಯೇ ಅಂಟು ಹಚ್ಚಿ ತೆಳು ಟೈಲ್ಸ್ ಕೂರಿಸಬಹುದು. ಹಳೆಯ ಕಟ್ಟಡವಾದ್ದರಿಂದ ಹೆಚ್ಚುವರಿ ಭಾರದ ಬಗ್ಗೆ ಎಂಜಿನಿಯರನ್ನು ಕೇಳಿಯೇ ಮುಂದುವರಿಯಿರಿ. ಬಾತ್‌ರೂಮಿನ ಕಥೆ ಬೇರೆ. ಕೆಳಗಿನವರ ಸೀಲಿಂಗ್ ತೊಟ್ಟಿಕ್ಕುತ್ತಿದ್ದರೆ ಒಡೆದು ವಾಟರ್‌ಪ್ರೂಫಿಂಗ್ ಮಾಡಿಸದೆ ಗತಿಯಿಲ್ಲ.

ಒಡೆಯುವ ದಿನ ಮೂರು ರಾಶಿ ಮಾಡಿಸಿ. ಕಾಂಕ್ರೀಟು, ಇಟ್ಟಿಗೆ, ಗಾರೆ, ಟೈಲ್ಸ್ ಒಂದು ಕಡೆ. ನಲ್ಲಿ, ಕಬ್ಬಿಣ, ಬಾಗಿಲು ಭಂಗಾರ್‌ವಾಲಾಗೆ, ಅಂದರೆ ಗುಜರಿಯವನಿಗೆ. ನಾಲ್ಕು ಕಾಸೂ ಬರುತ್ತದೆ. ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೂರನೆಯ ರಾಶಿ, ಅದು ಮೊದಲ ರಾಶಿಗೆ ಸೇರಲೇಬಾರದು. ಅದರಲ್ಲಿರುವ ಜಿಪ್ಸಮ್‌ನ ಸಲ್ಫೇಟ್ ಹೊಸ ಕಾಂಕ್ರೀಟನ್ನು ಕೆಡಿಸುತ್ತದೆ. ಕಾಂಕ್ರೀಟ್ ಚೂರನ್ನು ಅರೆದರೆ ಮತ್ತೆ ಜಲ್ಲಿಯೇ. ಎಂ25 ದರ್ಜೆಯವರೆಗಿನ ಆರ್‌ಸಿಸಿಯಲ್ಲಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನಲ್ಲಿ) ಜಲ್ಲಿಯ 20 ಪ್ರತಿಶತದವರೆಗೆ ಇದನ್ನು ಬಳಸಲು 2016ರ ಭಾರತೀಯ ಮಾನದಂಡ ಐಎಸ್ 383ರಲ್ಲೇ ಅವಕಾಶವಿದೆ. ಎಲ್ಲವನ್ನೂ ಕಲಸಿಬಿಟ್ಟರೆ ಅದು ಗುಂಡಿ ತುಂಬಲಷ್ಟೇ ಸರಿ. ಕೆಲಸದವರು ಗೊಣಗುತ್ತಾರೆ, ಗೊಣಗಲಿ.

ಸಾಗಣೆಗೆ ಮಹಾನಗರಪಾಲಿಕೆಯ 'ಡೆಬ್ರಿಸ್ ಆನ್ ಕಾಲ್' ಸೇವೆಯಿದೆ, ವಾರ್ಡ್ ಕಚೇರಿಯಲ್ಲಿ ದರ ಕೇಳಿ. ದಹಿಸರ್ ಮತ್ತು ಡಾಯಿಘರ್‌ನಲ್ಲಿ ದಿನಕ್ಕೆ 600 ಟನ್ ಸಾಮರ್ಥ್ಯದ ಒಂದೊಂದು ರಾಬಿಟ್ ಸಂಸ್ಕರಣಾ ಘಟಕಗಳಿವೆ. ಖಾಸಗಿ ಟೆಂಪೊ ಆದರೆ ರಾಬಿಟ್ ಎಲ್ಲಿಗೆ, ಯಾರ ಖರ್ಚಿನಲ್ಲಿ ಎಂಬುದನ್ನು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಇಳಿಸಿದ ರಸೀದಿ ಕೈಗೆ ಬಂದ ಮೇಲೆ ಕೊನೆಯ ಕಂತು ಕೊಡಿ.