ಚಪಾತಿ ತಿಂದ್ರ ಏನೂ ಆಗಂಗಿಲ್ರೀ

"ಡಾಕ್ಟ್ರ, ನಾ ಚಪಾತಿ ತಿಂದ್ರ ಏನೂ ಆಗಂಗಿಲ್ರೀ." ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಸೀಲಿಯಾಕ್ ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳು ಹಾಳಾಗುವ ರೋಗ. ಅದು ಇರುವವರಲ್ಲಿ ಹೊಟ್ಟೆ ಕೆಡುವವರು ಗೋಧಿ ಬಿಡಲು ತಕರಾರು ಮಾಡುವುದಿಲ್ಲ. ಏನೂ ಆಗದವರನ್ನು ಒಪ್ಪಿಸುವುದೇ ಕಷ್ಟ.

ಧಾರವಾಡ ಕಡೆಯ ಒಬ್ಬ ಟೀಚರ್ ಬಂದಿದ್ದರು. ಎರಡು ವರ್ಷ ಕಬ್ಬಿಣಾಂಶದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ 8 ದಾಟಿರಲಿಲ್ಲ. ಭೇದಿ ಇಲ್ಲ, ಹೊಟ್ಟೆನೋವಿಲ್ಲ. ಮಾತ್ರೆ ಸರಿಯಾಗಿ ತಗೊಳ್ಳುವುದಿಲ್ಲ ಅಂತ ಮನೆಯವರು ಸುಮ್ನೆ ಬೈಯುತ್ತಿದ್ದರು, ಪಾಪ. ಈ ರೋಗ ಸೂಚಿಸುವ ಪ್ರತಿಕಾಯಗಳನ್ನು ಅಳೆಯುವ ಟಿಟಿಜಿ ರಕ್ತಪರೀಕ್ಷೆ ಮಾಡಿಸಿದೆವು, ಇರಬೇಕಾದ್ದಕ್ಕಿಂತ ಹತ್ತು ಪಟ್ಟು ಜಾಸ್ತಿ. ಎಂಡೋಸ್ಕೋಪಿಯಲ್ಲಿ ಚೂರು ತೆಗೆದು ನೋಡಿದರೆ ಸಣ್ಣ ಕರುಳಿನ ಒಳಮೈ ಸಪಾಟಾಗಿತ್ತು.

"ಹಂಗಾದ್ರ ನನಗ ತ್ರಾಸ ಯಾಕ ಆಗಿಲ್ರೀ?"

ಕೇಳಬೇಕಾದ ಪ್ರಶ್ನೆಯೇ. ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್ ಇದ್ದಂತೆ, ಆ ಎಳೆಗಳೇ ಆಹಾರದ ಸಾರ ಹೀರುವುದು. ಗ್ಲುಟೆನ್ ಒಳಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆ ಅದರ ಜೊತೆ ನಮ್ಮ ಕರುಳಿನ ಮೇಲೂ ತಿರುಗಿಬೀಳುತ್ತದೆ, ಎಳೆಗಳು ಸವೆಯುತ್ತವೆ. ಸವೆತ ಸಾಮಾನ್ಯವಾಗಿ ಮೇಲ್ಭಾಗದಲ್ಲಿ ಜಾಸ್ತಿ. ಕೆಳಗೆ ಇನ್ನೂ ಮೀಟರುಗಟ್ಟಲೆ ಕರುಳಿದೆಯಲ್ಲ, ಅದು ಎಷ್ಟೋ ಕೆಲಸವನ್ನು ತಾನೇ ಮಾಡಿಬಿಡುತ್ತದೆ, ಹಾಗಾಗಿ ಕೆಲವರಿಗೆ ಭೇದಿ ಆಗದೇ ಇರಬಹುದು. ಆದರೆ ಕಬ್ಬಿಣಾಂಶ ಹೀರುವುದು ಮುಖ್ಯವಾಗಿ ಆ ಮೇಲ್ಭಾಗವೇ. ಅದಕ್ಕೇ ಮಾತ್ರೆ ನುಂಗಿದರೂ ರಕ್ತ ಏರಲಿಲ್ಲ. ಹೀಗೇ ಬಿಟ್ಟರೆ ಮೂಳೆ ಸವೆಯಬಹುದು, ಕೆಲವರಿಗೆ ಗರ್ಭ ನಿಲ್ಲುವುದೂ ಕಷ್ಟವಾಗಬಹುದು. ತ್ರಾಸ ಇಲ್ಲದಿದ್ದರೂ ಕರುಳಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ, ನಿಮಗೆ ಗೊತ್ತಾಗುವುದಿಲ್ಲ ಅಷ್ಟೇ.

"ಸ್ವಲ್ಪ ತಿಂದ್ರ?" ಅಂತ ಕೇಳಿದರು. ದಿನಾ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಒಳಗೆ ಹೋದರೂ ಕರುಳಿಗೆ ಪೆಟ್ಟಾಗಬಹುದು ಅಂತ ಪರೀಕ್ಷಿಸಿ ನೋಡಿದ್ದಾರೆ. ಒಂದು ಚಪಾತಿಯಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ. ಸತ್ಯನಾರಾಯಣ ಪೂಜೆಯ ಪ್ರಸಾದವೂ ರವೆಯದೇ, ಬೇಡ ಅನ್ನಲು ಮನಸ್ಸು ಬರುವುದಿಲ್ಲ, ಅರ್ಥವಾಗುತ್ತದೆ. ಬಾಳೆಹಣ್ಣು ತಗೊಳ್ಳಿ, ಕಣ್ಣಿಗೆ ಒತ್ತಿಕೊಳ್ಳಿ ಅನ್ನುತ್ತೇನೆ.

ಆಕೆ ಗಟ್ಟಿ ಮನಸ್ಸು ಮಾಡಿದರು. ಗೋಧಿ ಹುಗ್ಗಿ ಬಿಟ್ಟರು, ಮಾದಲಿ ಬಿಟ್ಟರು. ಆದರೆ ವರ್ಷದ ನಂತರವೂ ಟಿಟಿಜಿ ಪೂರ್ತಿ ಇಳಿದಿರಲಿಲ್ಲ. "ಬರೇ ಜ್ವಾಳದ ರೊಟ್ಟಿರೀ, ದೇವರಾಣಿ" ಅಂತ ಅಳುವುದೊಂದು ಬಾಕಿ. ಹಿಟ್ಟು ಎಲ್ಲಿ ಬೀಸಿಸುತ್ತೀರಿ ಅಂತ ಕೇಳಿದೆ. ಓಣಿಯ ಗಿರಣಿಯಲ್ಲಿ. ಅಲ್ಲಿ ಒಂದೇ ಕಲ್ಲು, ಇವರ ಜೋಳಕ್ಕೆ ಮುಂಚೆ ಯಾರದ್ದೋ ಗೋಧಿ. ಸಾರಿಗೆ ಹಾಕುವ ಇಂಗಿನ ಡಬ್ಬಿ ತರಿಸಿ ಓದಿದೆ, ಅದರಲ್ಲೂ ಮೈದಾ! ಈಗ ಜೋಳ ಆರಿಸಿ, ತೊಳೆದು, ಒಣಗಿಸಿ ಮನೆಯಲ್ಲೇ ಸಣ್ಣ ಯಂತ್ರದಲ್ಲಿ ಬೀಸುತ್ತಾರೆ. ಗೋಧಿ ಅದರ ಹತ್ತಿರವೂ ಬರುವುದಿಲ್ಲ. ಮೊನ್ನೆ ಹಿಮೋಗ್ಲೋಬಿನ್ 11.8 ಇತ್ತು.

ಆಕೆಯ ಮಗಳಿಗೆ ಒಂಬತ್ತು ವರ್ಷ, ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಒಡಹುಟ್ಟಿದವರಿಗೆ, ಮಕ್ಕಳಿಗೆ ಇದು ಇರುವ ಸಾಧ್ಯತೆ ಜಾಸ್ತಿ, ಹಾಗಾಗಿ ಅವಳ ರಕ್ತವನ್ನೂ ಕಳಿಸಿದ್ದೇವೆ. ತಾಯಿ ಆಗಲೇ ಮಗಳ ಡಬ್ಬಿಯಿಂದ ಚಪಾತಿ ತೆಗೆಯಲು ಹೊರಟಿದ್ದರು. ಬೇಡ ತಾಯೀ, ಈಗಲೇ ಬಿಟ್ಟರೆ ರೋಗ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು, ಎಲ್ಲ ಪರೀಕ್ಷೆ ಮುಗಿಯುವವರೆಗೆ ಅವಳು ಚಪಾತಿ ತಿನ್ನಲಿ ಅಂದಿದ್ದೇನೆ.