ಮೂರು ಬಾರಿ ‘ಪತ್ತೆ’ಯಾದ ಮಂಡ್ಯದ ಲಿಥಿಯಂ

ಮಂಡ್ಯ ಜಿಲ್ಲೆಯಲ್ಲಿ ಲಿಥಿಯಂ ಪತ್ತೆಯಾಗಿದೆ ಎಂಬ ಸುದ್ದಿ 2020ರ ಫೆಬ್ರುವರಿಯಲ್ಲಿ ದೇಶದ ಗಮನ ಸೆಳೆಯಿತು. 2021ರ ಆರಂಭದಲ್ಲಿ ಅದೇ ಸುದ್ದಿ ಇನ್ನೊಮ್ಮೆ ಬಂತು. 2024ರ ಜುಲೈನಲ್ಲಿ ಮತ್ತೂ ಒಮ್ಮೆ, ಆಗಷ್ಟೇ ಕಂಡುಹಿಡಿದಂತೆ, ಮೊದಲ ಪುಟಗಳಲ್ಲಿ ಕಾಣಿಸಿಕೊಂಡಿತು. ಮೂರು ಸಲವೂ ಹೆಸರಿಸಲಾದದ್ದು ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ ಮತ್ತು ಅಲ್ಲಾಪಟ್ಟಣವನ್ನೇ. ಕಲ್ಲೂ ಅದೇ. ಬದಲಾಗಿದ್ದು ಅದರಲ್ಲಿರುವ ಲಿಥಿಯಂನ ಅಂಕಿ, ಮತ್ತು ಅಂಕಿಗಿಂತ ಮುಖ್ಯವಾಗಿ, ಆ ಕಲ್ಲನ್ನು ಯಾರು ಅಗೆಯಬಹುದು, ಅಗೆಯುವ ಮುನ್ನ ಯಾರನ್ನು ಕೇಳಬೇಕು ಎಂಬುದನ್ನು ಹೇಳುವ ಕಾನೂನು. ಅಂಕಿಯ ಬಗ್ಗೆ ನಡೆದಷ್ಟು ಚರ್ಚೆ ಕಾನೂನಿನ ಬಗ್ಗೆ ಈ ಭಾಗದಲ್ಲಿ ನಡೆದಿಲ್ಲ.

ಹಳೆಯ ಮೈಸೂರು ಸಂಸ್ಥಾನಕ್ಕೆ ಭೂವಿಜ್ಞಾನ ಹೊಸದಲ್ಲ. ರಾಬರ್ಟ್ ಬ್ರೂಸ್ ಫೂಟ್ ಅವರ ನೇತೃತ್ವದಲ್ಲಿ ಸಂಸ್ಥಾನವು ತನ್ನದೇ ಭೂವಿಜ್ಞಾನ ಇಲಾಖೆಯನ್ನು ಆರಂಭಿಸಿದ್ದು 1894ರಲ್ಲಿ. ಸ್ವಾತಂತ್ರ್ಯಾನಂತರ, 1949ರಲ್ಲಿ, ಅಣುಶಕ್ತಿಗೆ ಬೇಕಾದ ವಿರಳ ಖನಿಜಗಳನ್ನು ಹುಡುಕಲೆಂದು ಕೇಂದ್ರ ಸರ್ಕಾರ ಒಂದು ಸಣ್ಣ ಸಮೀಕ್ಷಾ ಘಟಕವನ್ನು ಕಟ್ಟಿತು. ಇಂದು ಹೈದರಾಬಾದ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಪರಮಾಣು ಖನಿಜಗಳ ಅನ್ವೇಷಣೆ ಮತ್ತು ಸಂಶೋಧನಾ ನಿರ್ದೇಶನಾಲಯದ ಮೂಲ ಅದು. ಮಂಡ್ಯದ ಲಿಥಿಯಂ ಬಗ್ಗೆ ನಮಗೆ ತಿಳಿದಿರುವ ಬಹುಪಾಲು ಸಂಗತಿ ಈ ನಿರ್ದೇಶನಾಲಯದ ಸಮೀಕ್ಷೆಗಳಿಂದಲೇ ಬಂದದ್ದು.

ಬ್ಯಾಟರಿಯ ಲೋಹವೊಂದು ಪರಮಾಣು ಇಲಾಖೆಯ ಪಾಲಿಗೆ ಹೋದದ್ದೇಕೆ ಎಂಬ ಪ್ರಶ್ನೆ ಸಹಜ. ನಿಸರ್ಗದಲ್ಲಿ ಸಿಗುವ ಲಿಥಿಯಂನಲ್ಲಿ ಎರಡು ಸಮಸ್ಥಾನಿಗಳಿವೆ, ಅಂದರೆ ಒಂದೇ ಧಾತುವಿನ, ತೂಕದಲ್ಲಿ ಮಾತ್ರ ಬೇರೆಯಾದ ಪರಮಾಣುಗಳು. ಸುಮಾರು ಶೇ 7.5ರಷ್ಟು ಲಿಥಿಯಂ-6, ಉಳಿದದ್ದು ಲಿಥಿಯಂ-7. ಲಿಥಿಯಂ-6ಕ್ಕೆ ನ್ಯೂಟ್ರಾನ್ ತಾಗಿದರೆ ಟ್ರಿಷಿಯಂ ಹುಟ್ಟುತ್ತದೆ. ಟ್ರಿಷಿಯಂ ಜಲಜನಕ ಬಾಂಬಿಗೆ ಬೇಕಾದ ವಸ್ತು. ಆ ಕಾಲದಲ್ಲಿ ಲಿಥಿಯಂ ಎಂದರೆ ಸರ್ಕಾರಗಳ ಕಣ್ಣಿಗೆ ಕಾಣುತ್ತಿದ್ದುದು ಇದೇ. ಹಾಗಾಗಿ ಭಾರತದ ಗಣಿ ಕಾನೂನಿನಲ್ಲಿ ಅದು ಪರಮಾಣು ಖನಿಜಗಳ ಪಟ್ಟಿಯಲ್ಲಿ ಕುಳಿತಿತ್ತು. ಖಾಸಗಿಯವರು ಅದನ್ನು ಹುಡುಕುವಂತಿರಲಿಲ್ಲ, ತೆಗೆಯುವಂತೆಯೂ ಇರಲಿಲ್ಲ. 1991ರಲ್ಲಿ ಜಪಾನಿನ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೂ, ಆ ಬ್ಯಾಟರಿ ಪ್ರತಿಯೊಬ್ಬರ ಜೇಬಿನ ಮೊಬೈಲ್‌ಗೆ ಬಂದ ಮೇಲೂ, 2019ರಲ್ಲಿ ಅದರ ಹಿಂದಿನ ಮೂವರು ವಿಜ್ಞಾನಿಗಳಿಗೆ ನೊಬೆಲ್ ಪ್ರಶಸ್ತಿ ಬಂದ ಮೇಲೂ ನಮ್ಮ ಪಟ್ಟಿ ಹಾಗೆಯೇ ಇತ್ತು.

ಇನ್ನು ಕಲ್ಲಿನ ವಿಷಯ. ಮರಳಗಾಲ-ಅಲ್ಲಾಪಟ್ಟಣದ ಲಿಥಿಯಂ ಇರುವುದು ಪೆಗ್ಮಟೈಟ್ ಎಂಬ ಶಿಲೆಯಲ್ಲಿ. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯೊಳಗೆ ಗ್ರಾನೈಟ್ ಪಾಕ ನಿಧಾನವಾಗಿ ಗಟ್ಟಿಯಾಗುವಾಗ, ಸಾಮಾನ್ಯ ಖನಿಜಗಳ ಹರಳಿನೊಳಗೆ ಹೊಂದಿಕೊಳ್ಳಲಾರದ ಲಿಥಿಯಂ, ಬೆರಿಲಿಯಂ, ನಯೋಬಿಯಂ, ಟ್ಯಾಂಟಲಂಗಳಂತಹ ಧಾತುಗಳು ಕೊನೆಯವರೆಗೂ ದ್ರವದಲ್ಲೇ ಉಳಿಯುತ್ತವೆ. ಆ ಕಡೆಯ ದ್ರವ ಸುತ್ತಲಿನ ಬಂಡೆಯ ಬಿರುಕುಗಳಿಗೆ ನುಗ್ಗಿ ಗಟ್ಟಿಯಾದಾಗ ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಮತ್ತು ನಮ್ಮವರು ಕಾಗೆಬಂಗಾರ ಎನ್ನುವ ಅಭ್ರಕದ ದಪ್ಪ ಹರಳುಗಳುಳ್ಳ ಬಿಳಿಚಿದ ಎಳೆಗಳಾಗುತ್ತವೆ. ಎಲ್ಲ ಪೆಗ್ಮಟೈಟ್‌ನಲ್ಲೂ ಲಿಥಿಯಂ ಇರುವುದಿಲ್ಲ. ಇರುವ ಕಡೆ ಅದು ಹೆಚ್ಚಾಗಿ ಸ್ಪಾಡ್ಯುಮೀನ್ ಎಂಬ ಖನಿಜದ ರೂಪದಲ್ಲಿರುತ್ತದೆ. ಈ ಎಳೆಗಳ ಸ್ವಭಾವವೇ ವಿಚಿತ್ರ: ನೆಲದ ಮೇಲೆ ಅಗಲವಾಗಿ ಕಂಡದ್ದು ಆಳದಲ್ಲಿ ಸಣಕಲಾಗಬಹುದು, ಕವಲೊಡೆಯಬಹುದು, ತಟ್ಟನೆ ಮುಗಿದೇ ಹೋಗಬಹುದು, ಒಂದೇ ಎಳೆಯೊಳಗೂ ಸ್ಪಾಡ್ಯುಮೀನ್ ಒಂದು ಮಗ್ಗುಲಲ್ಲಿ ದಟ್ಟವಾಗಿದ್ದು ಇನ್ನೊಂದು ಮಗ್ಗುಲಲ್ಲಿ ಇಲ್ಲವೇ ಇಲ್ಲ ಎನ್ನುವಂತಿರಬಹುದು. ಆದ್ದರಿಂದ ಮೇಲ್ಮೈಯ ಮಾದರಿಗಳನ್ನು ನೋಡಿ ಆಳದ ಲೆಕ್ಕ ಹಾಕುವುದು ಅಪಾಯದ ಕೆಲಸ.

2020ರಲ್ಲಿ ಹೊರಬಂದ ಅಂಕಿಯ ಕಥೆ ಇಲ್ಲಿಂದ ಆರಂಭವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿವೃತ್ತ ಪ್ರಾಧ್ಯಾಪಕ ಎನ್. ಮುನಿಚಂದ್ರಯ್ಯ ಅವರು, ಬ್ಯಾಟರಿ ಕ್ಷೇತ್ರದಲ್ಲಿ ದೀರ್ಘಕಾಲ ಕೆಲಸ ಮಾಡಿದವರು, ಲಭ್ಯ ದತ್ತಾಂಶವನ್ನು ಆಧರಿಸಿ ಹೇಳಿದ್ದಿಷ್ಟು: ಅರ್ಧ ಕಿಲೋಮೀಟರ್ ಅಗಲ, ಐದು ಕಿಲೋಮೀಟರ್ ಉದ್ದದ ಪ್ರದೇಶದಲ್ಲಿ 30,300 ಟನ್ ಲಿಥಿಯಂ ಆಕ್ಸೈಡ್ ಇರಬಹುದೆಂಬ ಅಂದಾಜಿದೆ, ಲೋಹಕ್ಕೆ ಪರಿವರ್ತಿಸಿದರೆ ಅದು ಸುಮಾರು 14,100 ಟನ್. ಅವರು ಇದನ್ನು ಹಿಗ್ಗಿಸಿ ಹೇಳಿರಲಿಲ್ಲ. ಚಿಲಿಯಲ್ಲಿ 86 ಲಕ್ಷ ಟನ್, ಆಸ್ಟ್ರೇಲಿಯಾದಲ್ಲಿ 28 ಲಕ್ಷ ಟನ್, ಅರ್ಜೆಂಟೀನಾದಲ್ಲಿ 17 ಲಕ್ಷ ಟನ್ ಇರುವಾಗ ನಮ್ಮದು ಬಹಳ ದೊಡ್ಡದಲ್ಲ ಎಂಬ ಹೋಲಿಕೆಯೂ ಅದೇ ವರದಿಗಳಲ್ಲಿತ್ತು. ಓದುಗರ ನೆನಪಿನಲ್ಲಿ ಉಳಿದದ್ದು ಮಾತ್ರ ‘14,100 ಟನ್’. ಕಬ್ಬಿನ ಬಾಕಿಗಾಗಿ, ಕಾವೇರಿ ನೀರಿಗಾಗಿ ಸುದ್ದಿಯಾಗುತ್ತಿದ್ದ ಜಿಲ್ಲೆ ಒಂದೇ ದಿನದಲ್ಲಿ ‘ಬಿಳಿ ಚಿನ್ನ’ದ ಜಿಲ್ಲೆಯಾಯಿತು.

ಮರುವರ್ಷ ಸಂಸತ್ತಿಗೆ ಬಂದ ಅಧಿಕೃತ ಉತ್ತರದಲ್ಲಿ ಅಂಕಿ 1,600 ಟನ್‌ಗೆ ಇಳಿದಿತ್ತು. ಮೇಲ್ಮೈ ಸಮೀಕ್ಷೆ ಮತ್ತು ಸೀಮಿತ ಪ್ರಮಾಣದ ಭೂಗರ್ಭ ಅನ್ವೇಷಣೆಯಿಂದ ಕಂಡುಬಂದದ್ದು ಇಷ್ಟು, ಅದೂ ‘ಊಹಿತ’ ವರ್ಗದಲ್ಲಿ, ಎಂದು ಉತ್ತರ ಸ್ಪಷ್ಟಪಡಿಸಿತ್ತು. ಉಳಿದ 12,500 ಟನ್ ಎಲ್ಲಿ ಹೋಯಿತು ಎಂದು ಕೆಲವರು ಕೇಳಿದರು. ಎಲ್ಲಿಗೂ ಹೋಗಿರಲಿಲ್ಲ, ಒಂದು ಅಂಕಿ ಲಭ್ಯ ದತ್ತಾಂಶದ ಮೇಲೆ ಹಾಕಿದ ಲೆಕ್ಕ, ಇನ್ನೊಂದು ಸರ್ಕಾರ ತನ್ನ ವರ್ಗೀಕರಣದ ಚೌಕಟ್ಟಿನೊಳಗೆ ಒಪ್ಪಿಕೊಂಡ ಲೆಕ್ಕ.

ಈ ಚೌಕಟ್ಟನ್ನು ಸ್ವಲ್ಪ ವಿವರಿಸಬೇಕು. ಇಡೀ ಗೊಂದಲದ ಬೇರು ಇಲ್ಲಿದೆ. ಖನಿಜ ಅನ್ವೇಷಣೆಗೆ ಭಾರತ ಅನುಸರಿಸುವ ಕ್ರಮದಲ್ಲಿ ನಾಲ್ಕು ಹಂತಗಳಿವೆ. ಜಿ-4 ಎಂದರೆ ಇಲ್ಲಿ ಏನೋ ಇರಬಹುದು ಎಂಬ ಪ್ರಾಥಮಿಕ ಸುಳಿವು. ಜಿ-3 ಎಂದರೆ ಕಂದಕ ತೋಡಿ, ದೂರದೂರದಲ್ಲಿ ಕೆಲವು ರಂಧ್ರ ಕೊರೆದು, ನಡುವಿನ ಜಾಗವನ್ನು ಊಹೆಯಿಂದ ತುಂಬಿಕೊಂಡು ಮಾಡಿದ ಅಂದಾಜು. ಜಿ-2ರಲ್ಲಿ ರಂಧ್ರಗಳ ಅಂತರ ಕಡಿಮೆಯಾಗುತ್ತದೆ, ವಿಶ್ವಾಸ ಹೆಚ್ಚುತ್ತದೆ. ಜಿ-1ರಲ್ಲಿ ನಿಕ್ಷೇಪದ ಆಕಾರ, ಆಳ, ಅದಿರಿನ ಗುಣಮಟ್ಟ ನಿಖರವಾಗಿ ತಿಳಿಯುತ್ತದೆ. ಇದಿಷ್ಟೂ ಆದ ಮೇಲೂ, ತೆಗೆದರೆ ಖರ್ಚು ಹುಟ್ಟುತ್ತದೆಯೇ ಎಂಬ ಆರ್ಥಿಕ ಅಧ್ಯಯನ ಬೇರೆ ನಡೆಯಬೇಕು. ಮಂಡ್ಯದ 1,600 ಟನ್ ಇರುವುದು ಜಿ-3ರಲ್ಲಿ. ಬೋರ್‌ವೆಲ್ ಕೊರೆಸಿದ ಯಾವ ರೈತನಿಗೂ ಇದು ಸುಲಭವಾಗಿ ಅರ್ಥವಾಗುತ್ತದೆ: ಪಾಯಿಂಟ್ ಗುರುತಿಸಿದ್ದಾರೆ, ಒಂದೆರಡು ಕಡೆ ತೇವವೂ ಕಂಡಿದೆ, ಆದರೆ ಎಷ್ಟು ಇಂಚು ನೀರು ಎಂಬುದು ಕೊರೆದ ಮೇಲಿನ ಮಾತು. ಆ ಭರವಸೆಯ ಮೇಲೆ ಯಾರೂ ಪಂಪ್‌ಸೆಟ್ ಖರೀದಿಸುವುದಿಲ್ಲ.

1,600 ಟನ್ ಎಂದರೆ ಎಷ್ಟು ಎಂಬುದನ್ನೂ ನೋಡೋಣ. ಒಂದು ಸಾಧಾರಣ ವಿದ್ಯುತ್ ಕಾರಿನ ಬ್ಯಾಟರಿಯಲ್ಲಿ ಸುಮಾರು ಎಂಟು ಕಿಲೋ ಲಿಥಿಯಂ ಇದೆ ಎಂದು ಹಿಡಿದರೆ, ಒಂದು ಗ್ರಾಂ ಕೂಡ ಪೋಲಾಗದಂತೆ ತೆಗೆದರೂ, ಸಿಗುವುದು 2 ಲಕ್ಷ ಕಾರುಗಳಿಗೆ. ವಾಸ್ತವದಲ್ಲಿ ಪೋಲು ಇದ್ದೇ ಇರುತ್ತದೆ. ಚಿಲಿಯ ಅಟಕಾಮದಲ್ಲಿ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಒಣಗಿಸಿ ಲಿಥಿಯಂ ಪಡೆಯುತ್ತಾರೆ. ಗಟ್ಟಿ ಕಲ್ಲಿನದು ಬೇರೆಯೇ ದಾರಿ. ಬಂಡೆಯನ್ನು ಸಿಡಿಸಿ, ಪುಡಿ ಮಾಡಿ, ಸ್ಪಾಡ್ಯುಮೀನನ್ನು ಬೇರ್ಪಡಿಸಿ, ಸಾವಿರ ಡಿಗ್ರಿಗೂ ಮೀರಿದ ಉಷ್ಣತೆಯಲ್ಲಿ ಹುರಿದು, ಗಂಧಕಾಮ್ಲದೊಂದಿಗೆ ಮತ್ತೆ ಕಾಯಿಸಿ, ನೀರಿನಲ್ಲಿ ಕರಗಿಸಿ, ಕೊನೆಗೆ ಸೋಡಾ ಬೂದಿ (ಸೋಡಿಯಂ ಕಾರ್ಬೊನೇಟ್) ಬೆರೆಸಿ ಲಿಥಿಯಂ ಕಾರ್ಬೊನೇಟ್ ಪಡೆಯಬೇಕು. ಕಲ್ಲಿನಲ್ಲಿ ಶೇ 1ರಷ್ಟು ಲಿಥಿಯಂ ಆಕ್ಸೈಡ್ ಇದೆ ಎಂದುಕೊಂಡರೆ 1,600 ಟನ್ ಲೋಹಕ್ಕೆ ಸುಮಾರು 3.4 ಲಕ್ಷ ಟನ್ ಅದಿರು ಬೇಕು, ಜೊತೆಗೆ ಅದಿರನ್ನು ಮುಟ್ಟಲು ಪಕ್ಕಕ್ಕೆ ಸರಿಸಬೇಕಾದ ಬರಡು ಕಲ್ಲು ಬೇರೆ. ಪಶ್ಚಿಮ ಆಸ್ಟ್ರೇಲಿಯಾದ ಗ್ರೀನ್‌ಬುಷಸ್ ಗಣಿಯಲ್ಲಿ ವರ್ಷಕ್ಕೆ ಹಲವು ದಶಲಕ್ಷ ಟನ್ ಅದಿರು ಸಂಸ್ಕರಣೆಯಾಗುತ್ತದೆ. ಆ ಅಳತೆಯಲ್ಲಿ ನಮ್ಮದು, ಈವರೆಗೆ ತಿಳಿದಿರುವಷ್ಟರ ಮಟ್ಟಿಗೆ, ತೀರ ಚಿಕ್ಕದು.

ಹೀಗೆ ಕೊರೆಯುವ ಕೆಲಸದ ಫಲ ಒಂದೇ ಅಂಕಿಯಲ್ಲಿ ನಿಂತಿದ್ದಾಗ ಕಾನೂನು ವೇಗವಾಗಿ ಚಲಿಸಿತು. 2023ರ ಫೆಬ್ರುವರಿಯಲ್ಲಿ ಜಮ್ಮು-ಕಾಶ್ಮೀರದ ರಿಯಾಸಿ ಜಿಲ್ಲೆಯ ಸಲಾಲ್-ಹೈಮಾನಾದಲ್ಲಿ 59 ಲಕ್ಷ ಟನ್ ಲಿಥಿಯಂ ಇದೆಯೆಂಬ ಘೋಷಣೆ ಬಂತು. ಅದೂ ಜಿ-3; ಅಷ್ಟೇ ಅಲ್ಲ, ಆ 59 ಲಕ್ಷ ಟನ್ ಎಂಬುದು ಅದಿರಿನ ತೂಕವೇ ಹೊರತು ಲೋಹದ್ದಲ್ಲ. ಅದೇ ವರ್ಷ ಜೂನ್‌ನಲ್ಲಿ ಕೇಂದ್ರವು ದೇಶದ ಆರ್ಥಿಕತೆಗೆ, ರಕ್ಷಣೆಗೆ ಅತ್ಯಗತ್ಯವೆನಿಸಿದ 30 ‘ನಿರ್ಣಾಯಕ’ ಖನಿಜಗಳ ಪಟ್ಟಿ ಪ್ರಕಟಿಸಿತು. ಆಗಸ್ಟ್‌ನಲ್ಲಿ ಜಾರಿಗೆ ಬಂದ ಗಣಿ ಮತ್ತು ಖನಿಜ ತಿದ್ದುಪಡಿ ಕಾಯ್ದೆ, 12 ಪರಮಾಣು ಖನಿಜಗಳ ಪೈಕಿ ಲಿಥಿಯಂ ಸೇರಿದಂತೆ ಆರನ್ನು ಪರಮಾಣು ಪಟ್ಟಿಯಿಂದ ಹೊರತೆಗೆದು ಖಾಸಗಿಯವರಿಗೆ ತೆರೆಯಿತು. ಲಿಥಿಯಂ ಒಳಗೊಂಡ 24 ನಿರ್ಣಾಯಕ ಖನಿಜಗಳ ಹರಾಜು ನಡೆಸುವ ಅಧಿಕಾರವನ್ನು ರಾಜ್ಯಗಳಿಂದ ಕೇಂದ್ರಕ್ಕೆ ಒಯ್ದಿತು. ಹಣ ರಾಜ್ಯಕ್ಕೇ ಬರುತ್ತದೆ, ನಿಜ. ಆದರೆ ಯಾವ ಖನಿಜ ಪ್ರದೇಶವನ್ನು, ಅಂದರೆ ಬ್ಲಾಕ್ ಅನ್ನು, ಯಾವಾಗ ಹರಾಜಿಗಿಡಬೇಕು ಎಂಬ ತೀರ್ಮಾನ ಬೆಂಗಳೂರಿನದಲ್ಲ. 2025ರ ಜನವರಿಯಲ್ಲಿ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ 16,300 ಕೋಟಿ ರೂಪಾಯಿಯ ಒಪ್ಪಿಗೆಯೂ ದೊರೆಯಿತು.

ಖಾಸಗಿಗೆ ತೆರೆದ ಮಾತ್ರಕ್ಕೆ ಖಾಸಗಿಯವರು ಓಡಿ ಬರಲಿಲ್ಲ. ರಿಯಾಸಿಯ ಬ್ಲಾಕ್‌ಗೆ ಸಾಕಷ್ಟು ಬಿಡ್‌ದಾರರೇ ಬಾರದೆ 2024ರಲ್ಲಿ ಹರಾಜು ರದ್ದಾಯಿತು. ಛತ್ತೀಸಗಡದ ಕಟಘೋರಾದ ಬ್ಲಾಕ್ ಮಾತ್ರ ಅದೇ ವರ್ಷ ಮಾರಾಟವಾಯಿತು. ಖಾಸಗಿಯವರ ಈ ನಿರಾಸಕ್ತಿಗೆ ಒಂದು ಕಾರಣ ಬೆಲೆ: 2022ರ ನವೆಂಬರ್‌ನಲ್ಲಿ ಚೀನಾದಲ್ಲಿ ಟನ್‌ಗೆ ಸುಮಾರು 6 ಲಕ್ಷ ಯುವಾನ್ ಮುಟ್ಟಿದ್ದ ಲಿಥಿಯಂ ಕಾರ್ಬೊನೇಟ್ 2024ರ ಆರಂಭದ ಹೊತ್ತಿಗೆ 1 ಲಕ್ಷಕ್ಕೆ ಕುಸಿದಿತ್ತು. ಇನ್ನೊಂದು ಕಾರಣ ಹಿಂದೆ ಹೇಳಿದ್ದೇ. ಜಿ-3ರ ಕಾಗದ ನಂಬಿ ಕೋಟಿಗಟ್ಟಲೆ ಸುರಿಯಲು ಅನುಭವಿ ಕಂಪನಿ ಹಿಂಜರಿಯುತ್ತದೆ. ಕಂಪನಿಗಳ ಹಣ ತೋರಿದ ಈ ಎಚ್ಚರವನ್ನು ನಮ್ಮ ತಲೆಬರಹಗಳು ತೋರಿದ್ದರೆ ಚೆನ್ನಾಗಿತ್ತು.

2024ರ ಜುಲೈ ಕೊನೆಯಲ್ಲಿ ರಾಜ್ಯಸಭೆಯ ಪ್ರಶ್ನೆಯೊಂದಕ್ಕೆ ಅಣುಶಕ್ತಿ ಖಾತೆಯ ರಾಜ್ಯ ಸಚಿವ ಜಿತೇಂದ್ರ ಸಿಂಗ್ ಅದೇ 1,600 ಟನ್‌ನ ಉತ್ತರ ಕೊಟ್ಟರು. ಮೂರು ವರ್ಷಗಳಲ್ಲಿ ಅಂಕಿ ಒಂದು ಟನ್ ಕೂಡ ಹೆಚ್ಚಾಗಿರಲಿಲ್ಲ. ಆದರೂ ಅದು ಹೊಸ ಶೋಧವಾಗಿ ವರದಿಯಾಯಿತು. ಅದೇ ವಾರ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ರಾಜಧನವು (ಖನಿಜ ತೆಗೆದದ್ದಕ್ಕೆ ಕೊಡುವ ರಾಯಲ್ಟಿ) ತೆರಿಗೆಯಲ್ಲ, ಖನಿಜವಿರುವ ಭೂಮಿಯ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದು 8-1ರ ಬಹುಮತದಿಂದ ತೀರ್ಪು ನೀಡಿತು. ಮರಳಗಾಲದಂತಹ ಊರಿನ ಮುಂದಿನ ದಿನಗಳಿಗೆ ಈ ತೀರ್ಪಿನ ಮಹತ್ವ 1,600 ಟನ್‌ಗಿಂತ ದೊಡ್ಡದಿರಬಹುದು. ಮಂಡ್ಯದಲ್ಲಿ ಅದು ಚರ್ಚೆಯಾದದ್ದು ಕಡಿಮೆ.

ಈ ಜಿಲ್ಲೆಗೆ ಗಣಿಯ ಅನುಭವ ಇಲ್ಲದೇ ಇಲ್ಲ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆ, 2018ರಲ್ಲಿ ಕೇಳಿಬಂದ ಭಾರಿ ಶಬ್ದ, 2022ರಲ್ಲಿ ರೈತರು ವಿರೋಧಿಸಿದ ಟ್ರಯಲ್ ಬ್ಲಾಸ್ಟ್, ಕೆಆರ್‌ಎಸ್ ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ 2024ರ ಜನವರಿಯಲ್ಲಿ ಹೈಕೋರ್ಟ್ ಹಾಕಿದ ತಡೆ, ಇವೆಲ್ಲ ಇಲ್ಲಿನವರಿಗೆ ಕಂಠಪಾಠ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಮುಂದೆ ಎಲ್ಲಿಯೇ ಬಂಡೆ ಸಿಡಿಸುವ ಮಾತು ಬಂದರೂ ಅಣೆಕಟ್ಟಿನಿಂದ ಎಷ್ಟು ದೂರ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಸ್ಫೋಟದ ಕಂಪನ, ದೂಳು, ಬಾವಿಯ ನೀರು, ಕಾಲುವೆಯ ಅಂಚಿನ ಗದ್ದೆ ಎಂಬ ವಿಷಯಗಳನ್ನು ಊರಿನವರು ಅಧಿಕಾರಿಗಳ ಮುಂದೆ ಎತ್ತಲು ಕಾನೂನು ಕೊಟ್ಟಿದ್ದ ಮುಖ್ಯ ವೇದಿಕೆ, 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ನಡೆಯುವ ಸಾರ್ವಜನಿಕ ಅಹವಾಲು ಸಭೆ.

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಜ್ಞಾಪನ ಪತ್ರವು ಪರಮಾಣು ಖನಿಜಗಳ ಜೊತೆಗೆ ನಿರ್ಣಾಯಕ ಖನಿಜಗಳ ಗಣಿಗಳಿಗೂ ಈ ಸಭೆಯಿಂದ ವಿನಾಯಿತಿ ಕೊಟ್ಟಿತು. ಪರಿಸರ ಪರಿಣಾಮ ವರದಿ ಸಿದ್ಧವಾಗಲೇಬೇಕು, ಗುತ್ತಿಗೆಯ ವಿಸ್ತೀರ್ಣ ಎಷ್ಟೇ ಇರಲಿ ಅದರ ಪರಿಶೀಲನೆ ಕೇಂದ್ರ ಮಟ್ಟದಲ್ಲಿಯೇ ನಡೆಯುತ್ತದೆ ಎಂದೂ ಅದರಲ್ಲಿದೆ. ದೇಶದ ರಕ್ಷಣೆ ಮತ್ತು ವಿದೇಶಗಳ ಮೇಲಿನ ಅವಲಂಬನೆಯ ಕಾರಣವನ್ನು ತಳ್ಳಿಹಾಕಲಾಗದು. ಆದರೆ ಮರಳಗಾಲ-ಅಲ್ಲಾಪಟ್ಟಣದ ಮಟ್ಟಿಗೆ ಸಂಗತಿಗಳ ಅನುಕ್ರಮ ಗಮನಿಸಬೇಕಾದದ್ದು: ನೆಲದಡಿ ಲಾಭದಾಯಕವಾದ ಲಿಥಿಯಂ ಇದೆಯೇ ಎಂಬುದು ಇತ್ಯರ್ಥವಾಗುವ ಮೊದಲೇ, ಅದನ್ನು ತೆಗೆಯಬಹುದೇ ಎಂದು ಆ ನೆಲದ ಮೇಲೆ ಬೇಸಾಯ ಮಾಡುವವರನ್ನು ಸಭೆ ಕರೆದು ಕೇಳಬೇಕಾದ ಅಗತ್ಯವಿಲ್ಲ ಎಂಬುದು ಇತ್ಯರ್ಥವಾಗಿಬಿಟ್ಟಿದೆ. ಜಮೀನಿನ ಮೇಲ್ಮೈಗೆ ಪರಿಹಾರ ಪಡೆಯುವ ಹಕ್ಕು ಗಣಿ ಕಾಯ್ದೆಯಲ್ಲಿ ಉಳಿದಿದೆ. ಅದು ಗುತ್ತಿಗೆ ಮಂಜೂರಾದ ನಂತರದ ಹಕ್ಕು.