ಜಲ್ಲಿ ರಸ್ತೆಯಲ್ಲಿ ಹ್ಯಾಂಡಲ್ ಯಾಕೆ ಒದ್ದಾಡುತ್ತದೆ?

ಬೈಕು ಬೀಳಿಸುವ ತಿರುವೊಂದು ಇಲ್ಲದ ಹೋಬಳಿ ಮಂಡ್ಯ ಸೀಮೆಯಲ್ಲಿ ಇರಲಿಕ್ಕಿಲ್ಲ. ನಾಲೆ ಏರಿಯ ಮೇಲೋ, ಆಲೆಮನೆ ದಾಟಿದ ಮೇಲೋ ಅಂಥದ್ದೊಂದು ಜಾಗ ಇದ್ದೇ ಇರುತ್ತದೆ. ‘ಅಲ್ಲಿ ಗಾಳಿ ಐತೆ, ನೋಡ್ಕಂಡ್ ಹೋಗು’ ಅನ್ನುತ್ತಾರೆ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಡುವುದಕ್ಕೆ ನನ್ನ ತಕರಾರಿಲ್ಲ, ಹಬ್ಬ ಹಬ್ಬವೇ. ತಕರಾರಿರುವುದು ಆ ತಿರುವಿನಲ್ಲಿ ಇಳಿದು ನೆಲ ನೋಡುವವರೇ ಇಲ್ಲವಲ್ಲ ಎಂಬುದಕ್ಕೆ. ನೋಡಿದರೆ ಎಲ್ಲ ಅಲ್ಲೇ ಬರೆದಿಟ್ಟಂತಿದೆ. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಎರಡು ಜಾಡು ಗಟ್ಟಿಯಾಗಿವೆ. ಅಲ್ಲಿಂದ ಚಿಮ್ಮಿದ ಸಡಿಲ ಜಲ್ಲಿ ರಸ್ತೆಯ ನಡುವೆ ಮತ್ತು ಅಂಚಿನಲ್ಲಿ ಗುಡ್ಡೆ ಬಿದ್ದಿದೆ. ನೇರ ದಾರಿಯಲ್ಲಿ ಬೈಕು ಜಾಡು ಹಿಡಿದೇ ಹೋಗುತ್ತದೆ. ತಿರುವಿನಲ್ಲಿ ಒಂದು ಜಾಡಿನಿಂದ ಇನ್ನೊಂದಕ್ಕೆ ದಾಟುತ್ತೇವೆ, ಅದೂ ಬೈಕು ವಾಲಿರುವಾಗ. ಮುಂದಿನ ಚಕ್ರ ಆ ಗುಡ್ಡೆಗೆ ನುಗ್ಗುತ್ತದೆ. ದೆವ್ವದ ಕೆಲಸ ಇಷ್ಟೇ.

ಸ್ವಲ್ಪ ಲೆಕ್ಕ ಹಾಕೋಣ. ಒಣ ಡಾಂಬರಿನ ಮೇಲೆ ಟೈರಿನ ಘರ್ಷಣಾಂಕ, ಅಂದರೆ ನೆಲ ಹಿಡಿಯುವ ಶಕ್ತಿಯ ಅಳತೆ, ಸುಮಾರು 0.8, ಸಡಿಲ ಜಲ್ಲಿಯ ಮೇಲೆ ಅದರ ಅರ್ಧ ಅಂದುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದರೆ ಡಾಂಬರಿನ ಮೇಲೆ ಸುಮಾರು 8 ಮೀಟರಿಗೆ ನಿಲ್ಲುವ ಬೈಕಿಗೆ ಜಲ್ಲಿಯಲ್ಲಿ 16 ಮೀಟರ್ ಬೇಕು. ಡಾಂಬರಿನಲ್ಲಿ 38 ಡಿಗ್ರಿ ವಾಲಬಹುದಾದರೆ ಇಲ್ಲಿ 22ಕ್ಕೆ ಮಿತಿ. ಅದೇ ತಿರುವನ್ನು ಅರ್ಧ ವೇಗದಲ್ಲಿ ತೆಗೆದುಕೊಂಡರೆ ಬೇಕಾಗುವ ಹಿಡಿತ ಕಾಲು ಭಾಗಕ್ಕೆ ಇಳಿಯುತ್ತದೆ, ಯಾಕೆಂದರೆ ಲೆಕ್ಕದಲ್ಲಿ ವೇಗದ ವರ್ಗ ಬರುತ್ತದೆ. ನಿಧಾನ ಹೋಗಿ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ, ಹಾಗಾಗಿ ಆ ಮಾತು ಇಲ್ಲಿಗೆ ಬಿಡುತ್ತೇನೆ.

ನನಗೆ ಖುಷಿ ಕೊಡುವ ಸಂಗತಿ ಬೇರೆ. ಜಲ್ಲಿಯ ಮೇಲೆ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಒದ್ದಾಡುತ್ತದಲ್ಲ, ಅದನ್ನು ಕಂಡು ಹೊಸಬರು ಹೆದರಿ ಬಿಗಿಯಾಗಿ ಅದುಮಿ ಹಿಡಿಯುತ್ತಾರೆ. ಆದರೆ ಆ ಒದ್ದಾಟ ಬೈಕು ತನ್ನನ್ನು ತಾನೇ ನೆಟ್ಟಗೆ ನಿಲ್ಲಿಸಿಕೊಳ್ಳುವ ಕೆಲಸ! ಬೈಕಿನ ಮುಂದಿನ ಫೋರ್ಕನ್ನು ಪಕ್ಕದಿಂದ ನೋಡಿ. ಹ್ಯಾಂಡಲ್ ತಿರುಗುವ ಅಕ್ಷ ಸುಮಾರು 25 ಡಿಗ್ರಿ ಓರೆಯಾಗಿದೆ. ಆ ಓರೆ ಗೆರೆಯನ್ನು ಮನಸ್ಸಿನಲ್ಲೇ ನೆಲದವರೆಗೆ ಎಳೆಯಿರಿ. ಅದು ನೆಲ ಮುಟ್ಟುವ ಜಾಗಕ್ಕಿಂತ ಸುಮಾರು 10 ಸೆಂಟಿಮೀಟರ್ ಹಿಂದೆ ಟೈರು ನೆಲ ಮುಟ್ಟುತ್ತದೆ. ಈ ಅಂತರಕ್ಕೆ ಟ್ರೇಲ್ ಎಂದು ಹೆಸರು. ಆಸ್ಪತ್ರೆಯ ಸ್ಟ್ರೆಚರಿನ ಪುಟ್ಟ ಚಕ್ರ, ಯಾವ ಕಡೆ ತಳ್ಳಿದರೂ ತಾನೇ ತಿರುಗಿ ಹಿಂದೆ ಬಾಲದಂತೆ ಬರುತ್ತದೆ ನೋಡಿ, ಅದರ ಗುಟ್ಟೂ ಇದೇ: ತಿರುಗುವ ಅಕ್ಷ ಮುಂದೆ, ನೆಲ ಮುಟ್ಟುವ ಬಿಂದು ಹಿಂದೆ. ಕಲ್ಲೊಂದು ಮುಂದಿನ ಚಕ್ರವನ್ನು ಎಡಕ್ಕೆ ಒದ್ದರೆ ನೆಲವೇ ಅದನ್ನು ಮತ್ತೆ ನೇರಕ್ಕೆ ಎಳೆಯುತ್ತದೆ. ಬೈಕು ಬಲಕ್ಕೆ ವಾಲಿದರೆ ಚಕ್ರವೂ ಬಲಕ್ಕೆ ತಿರುಗಿ, ವಾಲಿದ ಭಾರದ ಅಡಿಗೇ ಬಂದು ನಿಲ್ಲುತ್ತದೆ. ಸವಾರ ಕೈ ಬಿಗಿ ಮಾಡಿದರೆ ಈ ತಿದ್ದುಪಡಿ ನಿಂತುಹೋಗಿ, ಚಕ್ರಕ್ಕೆ ಬಿದ್ದ ಏಟು ಮೊಣಕೈ ಮತ್ತು ಭುಜದ ಮೂಲಕ ಇಡೀ ಬೈಕಿಗೆ ಹೋಗುತ್ತದೆ. ಮೊಣಕಾಲಿನಿಂದ ಟ್ಯಾಂಕನ್ನು ಬಿಗಿ ಹಿಡಿಯಿರಿ, ಕೈ ಸಡಿಲ ಬಿಡಿ.

‘ಅದೆಲ್ಲ ಗೈರೋಸ್ಕೋಪ್ ಕಣ್ರೀ, ಚಕ್ರ ಸುತ್ತುತ್ತಿದ್ದರೆ ಬೀಳಲ್ಲ’ ಅನ್ನುವ ಬುದ್ಧಿವಂತರು ಪ್ರತಿ ಗ್ಯಾರೇಜಿನಲ್ಲೂ ಸಿಗುತ್ತಾರೆ. ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ರಸಾಯನ ವಿಜ್ಞಾನಿ 1970ರಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಓಡಿಸಲಾಗದ ಸೈಕಲ್ ಕಟ್ಟಬೇಕೆಂಬ ವಿಚಿತ್ರ ಹಟ ಅವರದು. ಮುಂದಿನ ಚಕ್ರದ ಪಕ್ಕದಲ್ಲೇ ಉಲ್ಟಾ ಸುತ್ತುವ ಇನ್ನೊಂದು ಚಕ್ರ ಕೂರಿಸಿ ಗೈರೋಸ್ಕೋಪಿನ ಪ್ರಭಾವವನ್ನು, ಅಂದರೆ ಸುತ್ತುವ ಚಕ್ರ ತನ್ನ ಅಕ್ಷದ ದಿಕ್ಕು ಸುಲಭಕ್ಕೆ ಬಿಡದ ಗುಣವನ್ನು, ಅಳಿಸಿದರು. ಸೈಕಲ್ ಆರಾಮಾಗಿ ಓಡಿತು. ಫೋರ್ಕನ್ನು ಹಿಂದುಮುಂದು ಮಾಡಿ ಟ್ರೇಲ್ ಹೆಚ್ಚಿಸಿದಾಗ, ಸವಾರನಿಲ್ಲದೆ ತಳ್ಳಿಬಿಟ್ಟರೂ ಅದು ನೆಟ್ಟಗೆ ಓಡಿತು. ಚಕ್ರವನ್ನು ಮುಂದಕ್ಕೆ ಸರಿಸಿ ಟ್ರೇಲನ್ನೇ ತೆಗೆದ ಸೈಕಲ್ಲನ್ನು ಓಡಿಸುವುದು ಮಾತ್ರ ಹರಸಾಹಸವಾಯಿತು. ಕಥೆ ಅಲ್ಲಿಗೂ ಮುಗಿಯಲಿಲ್ಲ. 2011ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದ ಸಂಶೋಧಕರು ಗೈರೋಸ್ಕೋಪೂ ಟ್ರೇಲೂ ಎರಡೂ ಇಲ್ಲದ ಪುಟ್ಟ ಸೈಕಲ್ ಮಾಡಿ, ಭಾರವನ್ನು ಸರಿಯಾದ ಜಾಗದಲ್ಲಿಟ್ಟು, ಅದೂ ತಾನೇ ನೆಟ್ಟಗೆ ಓಡುವುದನ್ನು ತೋರಿಸಿದರು. ಅಂದರೆ ಸ್ಥಿರತೆಗೆ ದಾರಿ ಹಲವು. ಎಲ್ಲದರಲ್ಲೂ ವಾಲಿದ ಕಡೆಗೆ ಹ್ಯಾಂಡಲ್ ತಿರುಗಲೇಬೇಕು. ಅದನ್ನೇ ನಾವು ಕೈ ಬಿಗಿದು ತಡೆಯುವುದು.

ಇದಕ್ಕೆ ಎರಡು ಮೂರು ಲಕ್ಷದ ಅಡ್ವೆಂಚರ್ ಬೈಕು ಬೇಕಿಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳ ಫೋರ್ಕೂ ಓರೆಯೇ, ಹಾಲಿನ ಕ್ಯಾನ್ ಹೊತ್ತು ಡೈರಿಗೆ ಹೋಗುವ ನೂರು ಸಿಸಿ ಗಾಡಿಯದೂ ಓರೆಯೇ.

ಜಲ್ಲಿಯ ಬಗ್ಗೆಯೂ ಒಂದು ಮಾತು. 1816ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ರಸ್ತೆಗಳ ಸರ್ವೇಯರ್ ಆದ ಜಾನ್ ಮೆಕಾಡಮ್, ರಸ್ತೆಗೆ ದಪ್ಪ ಬಂಡೆಗಳ ಬುನಾದಿ ಬೇಡ, ಮೂಲೆ ಮೂಲೆಯಾಗಿ ಒಡೆದ ಸಣ್ಣ ಕಲ್ಲು ಸಾಕು ಎಂದು ವಾದಿಸಿದ. ಒಂದೊಂದು ಕಲ್ಲಿನ ತೂಕ 6 ಔನ್ಸ್, ಅಂದರೆ ಸುಮಾರು 170 ಗ್ರಾಂ ಮೀರಬಾರದು. ಒತ್ತಡ ಬಿದ್ದಂತೆ ಚೂಪು ಮೂಲೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಹಾಸಾಗುತ್ತವೆ. ನಮ್ಮಲ್ಲಿ ಜಲ್ಲಿ ಸುರಿದು, ರೋಲರ್ ಬರುವ ಮುನ್ನ ಬಿಲ್ಲಿಗೆ ಕಾಯುತ್ತಾ ತಿಂಗಳುಗಟ್ಟಲೆ ಬಿಟ್ಟ ರಸ್ತೆ ಅರ್ಧಕ್ಕೆ ನಿಂತ ಮೆಕಾಡಮ್ ರಸ್ತೆ. ಕಲ್ಲು ಇನ್ನೂ ಒಂದಕ್ಕೊಂದು ಸಿಕ್ಕಿಕೊಂಡಿಲ್ಲ, ಟೈರಿನಡಿ ಉರುಳುತ್ತದೆ. ಡಾಂಬರಿನ ಮೇಲೆ ಚೆಲ್ಲಿದ ನಾಲ್ಕು ಹಿಡಿ ಜಲ್ಲಿ ಇದಕ್ಕಿಂತ ಕೆಟ್ಟದ್ದು: ಅಡಿಯಲ್ಲಿ ಗಟ್ಟಿ ನೆಲ, ಕಲ್ಲು ಹೂತುಕೊಳ್ಳಲು ಜಾಗವೇ ಇಲ್ಲ.

ಎದ್ದು ನಿಂತು ಓಡಿಸಿದರೆ ಗುರುತ್ವಕೇಂದ್ರ ಕೆಳಗಿಳಿಯುತ್ತದೆ ಎಂಬ ಮಾತಿದೆ. ಎದ್ದು ನಿಂತವನ ಭಾರ ಕೆಳಗೆ ಹೇಗೆ ಹೋದೀತು? ಮೇಲಕ್ಕೇ ಹೋಗುತ್ತದೆ. ಲಾಭ ಬೇರೆ ಇದೆ. ಮೊಣಕಾಲು ಸಸ್ಪೆನ್ಷನ್ ಆಗುತ್ತದೆ, ದೇಹ ಒಂದೇ ಮಟ್ಟದಲ್ಲಿದ್ದು ಬೈಕು ಮಾತ್ರ ಕೆಳಗೆ ಕುಣಿಯುತ್ತದೆ.

‘ಮುಂದಿನ್ ಬ್ರೇಕ್ ಮುಟ್ಬ್ಯಾಡ’ ಎಂಬ ಬುದ್ಧಿವಾದ ಅರ್ಧ ಸತ್ಯ. ವಾಲಿರುವಾಗ ಮುಟ್ಟಬಾರದು. ನೇರವಾಗಿದ್ದಾಗ ಮೆಲ್ಲಗೆ ಒತ್ತಬಹುದು, ಒತ್ತಲೂಬೇಕು. 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ, ಕಡ್ಡಾಯ. ಆದರೆ ಜಲ್ಲಿಯಲ್ಲಿ ಲಾಕ್ ಆದ ಚಕ್ರ ಮುಂದೆ ಕಲ್ಲು ಗುಡ್ಡೆ ಹಾಕಿಕೊಂಡು ಬೇಗ ನಿಲ್ಲುತ್ತದೆ, ಎಬಿಎಸ್ ಅದಕ್ಕೆ ಬಿಡುವುದಿಲ್ಲ, ದೂರ ಹೆಚ್ಚುತ್ತದೆ. ಹಾಗಂತ ಬೇಡ ಅನ್ನಬೇಡಿ. ಮುಂದಿನ ಚಕ್ರ ಲಾಕ್ ಆದರೆ ಬೈಕು ನಿಲ್ಲುವ ಮೊದಲೇ ನೀವು ಕೆಳಗಿರುತ್ತೀರಿ.

ಇಷ್ಟೆಲ್ಲ ಒಣ ಜಲ್ಲಿಗೆ, ಕೆಂಪುಮಣ್ಣಿಗೆ. ಮಳೆ ಬಿದ್ದ ಮೇಲೆ ನಂಜನಗೂಡು ಕಡೆಯ ಎರೆಮಣ್ಣಿನ ದಾರಿಗೆ ಇಳಿದರೆ ಇದ್ಯಾವುದೂ ನಡೆಯುವುದಿಲ್ಲ. ಆ ಜೇಡಿ ನೀರು ಕುಡಿದು ಉಬ್ಬಿ, ಟೈರಿನ ಗೀರುಗಳನ್ನೆಲ್ಲ ತುಂಬಿ, ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಕೂತು ಚಕ್ರವನ್ನೇ ನಿಲ್ಲಿಸುತ್ತದೆ. ಅಲ್ಲಿ ಇಳಿದು, ಕಡ್ಡಿಯಿಂದ ಮಣ್ಣು ಕೆರೆದು, ತಳ್ಳಿಕೊಂಡು ಹೋಗಬೇಕು.